ಕೆರೆಯೂ ರಿಟೈರ್ ಆಗಿದೆ, ಮತ್ತೆ ಡ್ಯೂಟಿಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪತ್ರ ವಿಭಾಗದಲ್ಲಿ ಒಬ್ಬರು ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಬಗ್ಗೆ ಬರೆದಿದ್ದರು. ಬೆಂಗಳೂರಿನಿಂದ ಬಂದ ನೆಂಟರನ್ನು ಭಾನುವಾರ ಅಲ್ಲಿಗೆ ಕರೆದುಕೊಂಡು ಹೋದರಂತೆ. ಅರ್ಧ ಗಂಟೆಗೆಲ್ಲ ಮಕ್ಕಳಿಗೆ ಬೇಜಾರಾಯಿತಂತೆ. ದೋಣಿ ಇಲ್ಲ, ತಿಂಡಿ ಅಂಗಡಿ ಇಲ್ಲ, ಬಣ್ಣದ ದೀಪ ಇಲ್ಲ, ನೋಡಲು ಏನೂ ಇಲ್ಲ, ಇಷ್ಟು ದೊಡ್ಡ ಕೆರೆ ಸುಮ್ನೆ ಬಿದ್ದಿದೆ ಎಂದು ಅವರ ದೂರು. ಅದನ್ನು ಓದಿ ನನ್ನ ಹೆಂಡತಿ ಪೇಪರ್ ಮಡಿಸಿ ನನ್ನ ಮುಂದೆ ಇಟ್ಟು, 'ಇದಕ್ಕೆ ನೀವು ಬರೀರಿ' ಅಂದಳು. ಅದಕ್ಕೇ ಈ ಪತ್ರ. ಉದ್ದ ಆದರೆ ದಯವಿಟ್ಟು ಕತ್ತರಿಸಿಕೊಳ್ಳಿ. ಆದರೆ ಹೆಜ್ಜಾರ್ಲೆ (ಪೆಲಿಕನ್) ಹಕ್ಕಿಯ ಭಾಗ ಮಾತ್ರ ಬಿಡಬೇಡಿ, ಅವಳು ಬೇಸರ ಮಾಡಿಕೊಳ್ಳುತ್ತಾಳೆ.

ನಾನು 31 ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಅದರಲ್ಲಿ ಹೆಚ್ಚಿನ ಕಾಲ ಮೈಸೂರಿನ ಸಿಟಿ ಬಸ್ಸಿನಲ್ಲೇ ಕಳೆಯಿತು. ನನ್ನ ನಡಿಗೆ ಎಂದರೆ ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲು, ಮುಂದಿನ ಬಾಗಿಲಿನಿಂದ ಹಿಂದಿನ ಬಾಗಿಲು. ಅದೂ ಜನರ ನಡುವೆ ಅಡ್ಡಡ್ಡ. ರಿಟೈರ್ ಆದ ಮೇಲೆ ಸಕ್ಕರೆ ಕಾಯಿಲೆ ಬಂತು, ಡಾಕ್ಟರು ನಡೀರಿ ಅಂದರು. ಹೆಂಡತಿಗೆ ಮಂಡಿ ನೋವು. ಅವಳಿಗೂ ನಡೀರಿ ಅಂದರು, ಆದರೆ ಜಾಸ್ತಿ ನಡೀಬೇಡಿ ಎಂದೂ ಅಂದರು. ಎಷ್ಟು ನಡೆದರೆ ಜಾಸ್ತಿ ಎಂದು ಕೇಳಿದರೆ, ನೋವು ಬರೋದಕ್ಕೆ ಮೊದಲು ನಿಲ್ಲಿಸಿ ಅಂದರು. ನೋವು ಬರುವ ಮೊದಲು ನೋವು ಬರುತ್ತದೆ ಎಂದು ಗೊತ್ತಾಗುವುದು ಹೇಗೆ ಸ್ವಾಮಿ?

ನಮ್ಮ ಮನೆ ಸರಸ್ವತಿಪುರಂ. ಕೆರೆ ಹತ್ತಿರ. ಮೊದಮೊದಲು ಎಲ್ಲರ ಹಾಗೆ ನಾವೂ ಪೂರ್ತಿ ಸುತ್ತು ಹಾಕಬೇಕು ಎಂದು ಹೊರಡುತ್ತಿದ್ದೆವು. ಒಂದು ಸುತ್ತು ಸುಮಾರು ನಾಲ್ಕೂವರೆ, ಐದು ಕಿಲೋಮೀಟರ್. ಮಣ್ಣಿನ ಹಾದಿ, ಮರದ ನೆರಳು, ಏರು ಇಳಿತ ಇಲ್ಲ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿನ ಮುಂದೆ ಇದೇನು ಮಹಾ ಅನಿಸುತ್ತದೆ. ಅಲ್ಲಿ ಸಿಗುವವರ ಮಾತೂ ಹಾಗೇ ಇರುತ್ತದೆ. 'ಎಷ್ಟು ರೌಂಡ್ ಆಯ್ತು ಸಾರ್?' ಒಂದು ಎಂದರೆ, 'ಓ, ಒಂದೇನಾ?' ಅನ್ನುತ್ತಾರೆ. ಕೆಲವರು ಕೈಗಡಿಯಾರ ತೋರಿಸಿ ಇಷ್ಟು ಸಾವಿರ ಹೆಜ್ಜೆ ಎಂದು ಲೆಕ್ಕ ಹೇಳುತ್ತಾರೆ. ಸಂಜೆ ಡಿಪೋದಲ್ಲಿ ಕಲೆಕ್ಷನ್ ಕಟ್ಟಿದ ಹಾಗೆ ಕಾಣುತ್ತದೆ ನನಗೆ.

ಒಂದು ದಿನ ಆಚೆ ದಂಡೆಗೆ ಹೋದ ಮೇಲೆ ಇವಳ ಮಂಡಿ ಹಿಡಿದುಕೊಂಡಿತು. ಮುಂದೆ ಹೋದರೂ ಎರಡೂವರೆ ಕಿಲೋಮೀಟರ್, ಹಿಂದೆ ಬಂದರೂ ಎರಡೂವರೆ ಕಿಲೋಮೀಟರ್. ಸರಿಯಾಗಿ ನಡು ಮಧ್ಯೆ. ನನ್ನ ಸರ್ವೀಸಿನಲ್ಲಿ ಬಸ್ಸು ಎಷ್ಟೋ ಸಲ ಬ್ರೇಕ್‌ಡೌನ್ ಆಗಿದೆ. ಆಗ ಕಂಡಕ್ಟರ್ ಮಾಡುವ ಕೆಲಸ ಒಂದೇ. ಜನರನ್ನು ಕೆಳಗಿಳಿಸಿ, ಹಿಂದಿನಿಂದ ಬರುವ ಬಸ್ಸಿಗೆ ಹತ್ತಿಸುವುದು. ಇಲ್ಲಿ ಹಿಂದಿನ ಬಸ್ಸೇ ಇಲ್ಲ. ಆಟೋ ಒಳಗೆ ಬರುವ ಹಾಗಿಲ್ಲ, ಬರಲೂಬಾರದು. ಒಂದು ಹೊಂಗೆ ಮರದ ಬೇರಿನ ಮೇಲೆ ನನ್ನ ಟವಲ್ ಹಾಸಿ ಕೂರಿಸಿದೆ. ಓಡುತ್ತಿದ್ದ ಒಬ್ಬ ಹುಡುಗ ನಿಂತು, 'ಆಂಟಿ, ನೀರು ಬೇಕಾ?' ಎಂದು ಬಾಟಲಿ ಕೊಟ್ಟು ಹೋದ. ವಾಪಸ್ ತೆಗೆದುಕೊಳ್ಳಲು ಮುಂದಿನ ರೌಂಡಿಗೆ ಬರುತ್ತೇನೆ ಅಂದ. ಬಂದ ಕೂಡ.

ಮುಕ್ಕಾಲು ಗಂಟೆ ಕೂತಿದ್ದೆವು. ಮಾತಿಲ್ಲ, ಕತೆಯಿಲ್ಲ. ಇವಳಿಗೆ ನೋವು, ನನಗೆ ಗಾಬರಿ. ಆಗ ಇವಳು ನೀರಿನ ಕಡೆ ಕೈ ತೋರಿಸಿ ಅಂದಳು: 'ನೋಡ್ರೀ ಅಲ್ಲಿ. ಹೆಜ್ಜಾರ್ಲೆ ಅಲ್ವಾ ಅದು?'

ನನಗೆ ಅದೊಂದು ದೊಡ್ಡ ಬಾತುಕೋಳಿ ಅನಿಸಿತ್ತು. ಇವಳ ತವರು ಮದ್ದೂರು ತಾಲ್ಲೂಕು, ಕೊಕ್ಕರೆ ಬೆಳ್ಳೂರಿನ ಪಕ್ಕದ ಹಳ್ಳಿ. ಅಲ್ಲಿ ಹೆಜ್ಜಾರ್ಲೆ ಊರೊಳಗಿನ ಹುಣಸೆ ಮರ, ಆಲದ ಮರಗಳ ಮೇಲೆ ಗೂಡು ಕಟ್ಟುತ್ತದೆ, ಮನೆಯ ಸೂರಿನ ಪಕ್ಕದಲ್ಲೇ. ಜೊತೆಗೆ ಬಣ್ಣದ ಕೊಕ್ಕರೆಯೂ. ಊರಿನವರು ಓಡಿಸುವುದಿಲ್ಲ. ಹೆಣ್ಣು ಮಗಳು ಬಾಣಂತನಕ್ಕೆ ತವರಿಗೆ ಬಂದ ಹಾಗೆ ಎಂದು ಅವರ ಮಾತು. ಮರದ ಕೆಳಗೆ ಬೀಳುವ ಹಿಕ್ಕೆಯನ್ನು ಗುಡಿಸಿ ಗೊಬ್ಬರ ಮಾಡಿಕೊಳ್ಳುತ್ತಾರೆ. ಬೇಸಿಗೆಯಲ್ಲಿ ಅದರ ವಾಸನೆಗೆ ಹೊರಗಿನವರು ಮೂಗು ಮುಚ್ಚಿಕೊಳ್ಳಬೇಕು. ಮದುವೆಯಾದ ಹೊಸದರಲ್ಲಿ ನಾನೂ ಮುಚ್ಚಿಕೊಂಡು ಮಾವನ ಹತ್ತಿರ ಬೈಸಿಕೊಂಡಿದ್ದೇನೆ.

ಆ ದಿನ ಅದು ಮೀನು ಹಿಡಿಯುವುದನ್ನು ನೋಡಿದೆವು. ನೀರಿಗೆ ಕೊಕ್ಕು ಹಾಕಿ, ಕೆಳಗಿನ ಚೀಲದ ತುಂಬ ನೀರು ಮೊಗೆದು, ತಲೆ ತಗ್ಗಿಸಿ ನೀರು ಸುರಿಯಲು ಬಿಟ್ಟು, ಆಮೇಲೆ ಕೊಕ್ಕು ಮೇಲೆತ್ತಿ ಮೀನು ನುಂಗಿತು. ಅವಸರವೇ ಇಲ್ಲ. ಇವಳು ಅಷ್ಟು ನೋವಿನಲ್ಲೂ ನಕ್ಕಳು. 'ನಿಮ್ಮ ಹಾಗೇ ಐತೆ ನೋಡಿ, ಚೀಲ ತಗಲಾಕ್ಕೊಂಡು!' ನನ್ನ ಚರ್ಮದ ಬ್ಯಾಗನ್ನು ಇವಳು ಇನ್ನೂ ಅಟ್ಟದ ಮೇಲೆ ಇಟ್ಟಿದ್ದಾಳೆ.

ಅಲ್ಲಿಯವರೆಗೆ ನಾವು ಆ ಕೆರೆಯನ್ನು ಎಷ್ಟು ಸುತ್ತು ಹಾಕಿದ್ದೆವೋ ಲೆಕ್ಕ ಇಟ್ಟಿಲ್ಲ. ಒಂದು ಸಲವೂ ಹೆಜ್ಜಾರ್ಲೆ ಕಂಡಿರಲಿಲ್ಲ. ಅದು ಇರಲಿಲ್ಲ ಎಂದಲ್ಲ. ನಾವು ನಿಂತಿರಲಿಲ್ಲ, ಅಷ್ಟೇ.

ಆಮೇಲೆ ನಾನು ಒಂದು ಉಪಾಯ ಮಾಡಿದೆ. ನಮ್ಮ ಕೆಲಸದಲ್ಲಿ ದಾರಿಯನ್ನು ಸ್ಟೇಜ್ ಎಂದು ಭಾಗ ಮಾಡುತ್ತಾರೆ. ಟಿಕೆಟ್ ದರ ಅದರ ಮೇಲೆ. ಕೆರೆಗೂ ಹಾಗೇ ಸ್ಟೇಜ್ ಮಾಡಿದೆ. ಗೇಟಿನಿಂದ ಒಂದು ದೊಡ್ಡ ಮರದವರೆಗೆ ಮೊದಲ ಸ್ಟೇಜ್. ಅಲ್ಲಿಂದ ಬಿದಿರು ಮೆಳೆಗೆ ಎರಡು. ಅಲ್ಲಿಂದ ನೀರುಕಾಗೆಗಳು ಕೂರುವ ಒಣಗಿದ ಮರಕ್ಕೆ ಮೂರು. ಪ್ರತಿ ಸ್ಟೇಜಿನಲ್ಲೂ ಐದು ನಿಮಿಷ ನಿಲುಗಡೆ. ಇವಳು ಸರಿ ಎಂದರೆ 'ರೈಟ್', ಸಾಕು ಎಂದರೆ ಅಲ್ಲಿಂದಲೇ ವಾಪಸ್. ಸಿಟಿ ಬಸ್ಸಿನಲ್ಲಿ ಇದಕ್ಕೆ ಶಾರ್ಟ್ ಟ್ರಿಪ್ ಅನ್ನುತ್ತೇವೆ. ಕೊನೆಯ ಸ್ಟಾಪಿಗೆ ಹೋಗದೆ ಮಧ್ಯದಲ್ಲೇ ತಿರುಗಿಸುವುದು. ಇದರಲ್ಲಿ ನಾಚಿಕೆ ಏನೂ ಇಲ್ಲ. ಎಷ್ಟೋ ದಿನ ನಾವು ಎರಡನೇ ಸ್ಟೇಜಿಗೇ ತಿರುಗುತ್ತೇವೆ. ಪೂರ್ತಿ ಸುತ್ತು ಹಾಕಿದ್ದು ಈ ವರ್ಷ ಎರಡೇ ಸಲ.

ಹೀಗೆ ನಿಂತು ನಿಂತು ಹೋದ ಮೇಲೆ ನನಗೂ ನಾಲ್ಕು ಹಕ್ಕಿಯ ಗುರುತು ಸಿಕ್ಕಿದೆ. ನೀರುಕಾಗೆ ಮುಳುಗಿ ಎದ್ದು ಬಂದು ರೆಕ್ಕೆ ಅಗಲಿಸಿ ಕೂರುತ್ತದೆ. ಅದರ ಗರಿ ಒದ್ದೆಯಾಗುತ್ತದೆ, ಅದಕ್ಕೇ ಬಿಸಿಲಿಗೆ ಒಣಗಿಸಿಕೊಳ್ಳುತ್ತದೆ. ನಮ್ಮ ವಠಾರದಲ್ಲಿ ಬಟ್ಟೆ ಹರವಿದ ಹಾಗೆ ಸಾಲಾಗಿ. ಹಾವಕ್ಕಿ ಈಜುವಾಗ ಮೈಯೆಲ್ಲ ನೀರೊಳಗೆ, ಕತ್ತು ಮಾತ್ರ ಮೇಲೆ. ಮೊದಲ ಸಲ ನೋಡಿದವರು ಹಾವು ಎಂದು ಹೆದರುತ್ತಾರೆ. ನಾನೂ ಹೆದರಿದ್ದೆ. ಹಣೆಯ ಮೇಲೆ ಬಿಳಿ ನಾಮ ಇರುವ ಕರಿ ಹಕ್ಕಿ ನಾಮದ ಕೋಳಿ. ಹೆಸರಿಟ್ಟವರಿಗೆ ನಮಸ್ಕಾರ. ಮಿಂಚುಳ್ಳಿಯನ್ನು ತೋರಿಸಲು ಆಗುವುದಿಲ್ಲ. 'ಅಲ್ಲಿ' ಅನ್ನುವಷ್ಟರಲ್ಲಿ ಇಲ್ಲ.

ಹೋಗುವವರಿಗೆ ಒಂದೆರಡು ಮಾತು. ಬೆಳಿಗ್ಗೆ ಬೇಗ ಹೋಗಿ. ಸೂರ್ಯ ನಿಮ್ಮ ಬೆನ್ನಿಗೆ ಬರುವ ದಂಡೆಯಲ್ಲಿ ನಿಂತರೆ ಹಕ್ಕಿಯ ಬಣ್ಣ ಕಾಣುತ್ತದೆ. ಎದುರಿಗೆ ಇದ್ದರೆ ಎಲ್ಲವೂ ಕರಿ ಬೊಟ್ಟು. ಚಳಿಗಾಲದಲ್ಲಿ ವಲಸೆ ಬರುವ ಹಕ್ಕಿಗಳೂ ಸೇರುತ್ತವೆ, ಆಗ ನೋಡಲು ಜಾಸ್ತಿ. ಮಳೆಗಾಲದಲ್ಲಿ ಹವಾಯಿ ಚಪ್ಪಲಿ ಬೇಡ, ಮಣ್ಣು ಜಾರುತ್ತದೆ. ನೀರಿನ ಬಾಟಲಿ ತೆಗೆದುಕೊಂಡು ಹೋಗಿ, ಖಾಲಿಯಾದದ್ದನ್ನು ವಾಪಸ್ ತನ್ನಿ. ಹಿಂಡಾಗಿ ಹಕ್ಕಿ ಕೂತ ಕಡೆ ಮಾತು ಕಡಿಮೆ ಮಾಡಿ. ಮೊಬೈಲ್ ಸ್ಪೀಕರಿನಲ್ಲಿ ಸುಪ್ರಭಾತ ಹಾಕಿಕೊಂಡು ನಡೆಯುವ ಹಿರಿಯರೊಬ್ಬರಿಗೆ ಇವಳೇ ಹೇಳಿದಳು, 'ಅಣ್ಣ, ದೇವರು ಆಗಲೇ ಎದ್ದಿದ್ದಾನೆ' ಎಂದು. ಅವರು ನಕ್ಕು ಆಫ್ ಮಾಡಿದರು. ಮಾರನೆಯ ದಿನ ಮತ್ತೆ ಹಾಕಿದ್ದರು, ಅದು ಬೇರೆ ಮಾತು.

ಇನ್ನು ಬ್ರೆಡ್ಡು, ಪುರಿ, ಮನೆಯಲ್ಲಿ ಮಿಕ್ಕ ಚಿತ್ರಾನ್ನ ತಂದು ನೀರಿಗೆ ಹಾಕುವವರಿದ್ದಾರೆ. ಪುಣ್ಯ ಬರಲಿ ಎಂದೇ ಹಾಕುತ್ತಾರೆ, ಗೊತ್ತು. ಆದರೆ ಹೆಜ್ಜಾರ್ಲೆ ಚಿತ್ರಾನ್ನ ತಿನ್ನುವುದಿಲ್ಲ. ಅದು ನೀರಿನಲ್ಲೇ ಕೊಳೆಯುತ್ತದೆ, ಪಾಚಿ ಬೆಳೆಯುತ್ತದೆ, ನೀರಿನಲ್ಲಿ ಉಸಿರು ಕಡಿಮೆಯಾಗಿ ಮೀನಿಗೆ ಕಷ್ಟ. ಮೀನು ಹೋದರೆ ಹಕ್ಕಿಯೂ ಹೋಯಿತು. ಒಂದು ಕಾಲದಲ್ಲಿ ಕೊಳಚೆ ನೀರು ಸೇರಿ ಈ ಕೆರೆ ಪಟ್ಟ ಪಾಡನ್ನು ನೋಡಿದ ಮೈಸೂರಿನವರು ನಾವು. ಮತ್ತೆ ಯಾಕೆ?

ಈಗ ದೋಣಿಯ ವಿಷಯ. ದೋಣಿ ಬೇಕು ಎಂದವರಿಗೆ ಕಾರಂಜಿ ಕೆರೆ ಇದೆಯಲ್ಲ. ಮೃಗಾಲಯದ ಪಕ್ಕದಲ್ಲೇ ಇದೆ, ಅದರ ಆಡಳಿತವೂ ಮೃಗಾಲಯದವರದೇ. ದೋಣಿ ಇದೆ, ಚಿಟ್ಟೆ ಪಾರ್ಕ್ ಇದೆ, ನಾವು ಒಳಗೇ ನಡೆದು ನೋಡುವಂಥ ದೊಡ್ಡ ಪಕ್ಷಿ ಪಂಜರ ಇದೆ. ನವಿಲು ಕಾಲ ಹತ್ತಿರವೇ ಓಡಾಡುತ್ತದೆ. ದಂಡೆಯಲ್ಲೇ ಪ್ರಾಕೃತಿಕ ಇತಿಹಾಸದ ಮ್ಯೂಸಿಯಂ ಕೂಡ ಇದೆ. ಮಕ್ಕಳಿಗೆ ಅದು ಸರಿ. ನನ್ನ ಮೊಮ್ಮಗನನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಟಿಕೆಟ್ ಕೊಳ್ಳಲು ಸಾಲಿನಲ್ಲಿ ನಿಂತೆ. ಅಷ್ಟು ವರ್ಷ ಟಿಕೆಟ್ ಹರಿದವನು ಟಿಕೆಟ್ ಕೊಳ್ಳುವುದು ವಿಚಿತ್ರ ಅನಿಸಿತು. ಚಿಲ್ಲರೆ ಕೊಡಿ ಎಂದರು. ಕೊಟ್ಟೆ, ಖುಷಿಯಿಂದ. ಅದಕ್ಕೆ ಮೊದಲು ಒಂದು ಸಲ ಹೋಗಿ ಬಾಗಿಲು ಹಾಕಿರುವುದನ್ನು ನೋಡಿ ವಾಪಸ್ ಬಂದಿದ್ದೆವು. ಮಂಗಳವಾರ ಅಲ್ಲಿ ರಜ. ತಪ್ಪು ನನ್ನದೇ. ಮೊಮ್ಮಗ ಬಸ್ ಸ್ಟಾಂಡಿನವರೆಗೂ ಅತ್ತ.

ದೀಪ ಬೇಕು, ಸಂಗೀತ ಬೇಕು ಎಂದರೆ ಕನ್ನಂಬಾಡಿಯ ಬೃಂದಾವನ ಇದೆ. ಊರ ಹೊರಗೆ ವಿಶಾಲವಾದ ನೀರು ಬೇಕು ಎಂದರೆ ಪಾಂಡವಪುರದ ಹತ್ತಿರ ತೊಣ್ಣೂರು ಕೆರೆ. ಮೋತಿ ತಲಾಬ್ ಎಂಬ ಹೆಸರೂ ಅದಕ್ಕಿದೆ, ಮುತ್ತಿನ ಕೆರೆ ಎಂದು. ನೀರು ನೋಡಿದರೆ ಹೆಸರು ಸರಿ ಅನಿಸುತ್ತದೆ. ಪಕ್ಕದಲ್ಲೇ ನಂಬಿ ನಾರಾಯಣನ ಗುಡಿ. ದಂಡೆಯಲ್ಲಿ ಕೂತು ಬುತ್ತಿ ತಿಂದು ಬನ್ನಿ. ನೀರಿಗೆ ಮಾತ್ರ ಇಳಿಯಬೇಡಿ. ಈಜಲು ಹೋದ ಹುಡುಗರ ಸುದ್ದಿ ನಿಮ್ಮ ಪತ್ರಿಕೆಯಲ್ಲೇ ಎಷ್ಟು ಸಲ ಓದಿಲ್ಲ?

ಹೀಗೆ ಒಂದೊಂದು ಕೆರೆಗೆ ಒಂದೊಂದು ರೂಟು. ಎಲ್ಲ ಬಸ್ಸೂ ಅರಮನೆ ಮುಂದೆಯೇ ಹೋಗಬೇಕು ಎಂದರೆ ಆಗುತ್ತದೆಯೇ?

ಕುಕ್ಕರಹಳ್ಳಿ ಕೆರೆಯ ಹಿಂದಿನ ಕತೆ ನನಗೆ ತಿಳಿದದ್ದು ಸ್ವಲ್ಪ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿದ್ದು. ಸುತ್ತ ಓಡಾಡಿ ಗಾಳಿ ಕುಡಿಯಲಿ ಎಂದು ಕಟ್ಟಿದ್ದಲ್ಲ. ಊರ ಹೊರಗಿನ ಗದ್ದೆಗಳಿಗೆ ನೀರು ಹಾಯಿಸಲು ಕಟ್ಟಿದ್ದು. ಪೂರ್ಣಯ್ಯ ನಾಲೆ ಎಂದು ಕರೆಯುವ ಕಾಲುವೆ ಇದಕ್ಕೆ ನೀರು ತರುತ್ತಿತ್ತು. ಆಮೇಲೆ ಊರಿಗೂ ಇದರ ನೀರು ಬಂತು. ಇದೇ ರಾಜರ ಕಾಲದಲ್ಲಿ, 1828ರಲ್ಲಿ, ರಾಣಿ ಲಿಂಗಾಜಮ್ಮಣ್ಣಿಯವರ ನೆನಪಿಗೆ ಲಿಂಗಾಂಬುಧಿ ಕೆರೆ ಆಗಿತ್ತು. ಕೆರೆ ಕಟ್ಟಿಸುವುದು ಅಂದಿನವರಿಗೆ ಗುಡಿ ಕಟ್ಟಿಸಿದ ಹಾಗೆ.

ಈಗ ಆ ಗದ್ದೆಗಳು ಎಲ್ಲಿವೆ? ಅಲ್ಲೆಲ್ಲ ಲೇಔಟು, ಮನೆ, ಕಾರು. ನೀರು ಬಿಡಲು ತೂಬು ಎತ್ತುವ ನೀರುಗಂಟಿ ಇಲ್ಲ, ನೀರು ಬಂತಾ ಎಂದು ಕಾಯುವ ರೈತ ಇಲ್ಲ. ನೂರೈವತ್ತು ವರ್ಷದ ಮೇಲೆ ಆಯಿತು. ಕೆರೆಯೂ ನನ್ನ ಹಾಗೆ ರಿಟೈರ್ ಆಗಿದೆ. ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಕ್ಯಾಂಪಸ್ಸಿನ ಪಕ್ಕದಲ್ಲಿ ಆರಾಮಾಗಿ ಮಲಗಿದೆ. ಆ ಮಾನಸಗಂಗೋತ್ರಿಗೆ ಹೆಸರಿಟ್ಟ ಕುವೆಂಪು ಅವರೂ ಈ ದಂಡೆಯಲ್ಲಿ ನಡೆಯುತ್ತಿದ್ದರು. ಅವರನ್ನು ಯಾರೂ ಎಷ್ಟು ರೌಂಡ್ ಆಯ್ತು ಸಾರ್ ಎಂದು ಕೇಳಿರಲಿಕ್ಕಿಲ್ಲ.

ರಿಟೈರ್ ಆದವನನ್ನು ಮನೆಯವರು ಸುಮ್ನೆ ಕೂತಿದ್ದಾನೆ ಅನ್ನುತ್ತಾರೆ. ನನಗೂ ಅಂದಿದ್ದಾರೆ. ಒಂದು ಅಂಗಡಿ ಹಾಕು, ಒಂದು ಕಡೆ ಸೆಕ್ಯೂರಿಟಿ ಕೆಲಸಕ್ಕೆ ಹೋಗು ಎಂದು ಬಂಧುಗಳು ಸಲಹೆ ಕೊಟ್ಟರು. ಸುಮ್ನೆ ಬಿದ್ದಿದೆ, ದೋಣಿ ಬಿಡಿ, ಅಂಗಡಿ ಹಾಕಿ ಎಂಬ ಪತ್ರ ಓದಿದಾಗ ನನಗೆ ಆ ಬಂಧುಗಳೇ ನೆನಪಾದರು. ಬಿಡಿ ಸ್ವಾಮಿ. ಅದು ತನ್ನ ಡ್ಯೂಟಿ ಮುಗಿಸಿದೆ. ಈಗ ಮೀನು ಸಾಕುತ್ತದೆ, ಹಕ್ಕಿ ಸಾಕುತ್ತದೆ, ಸುತ್ತಲಿನ ಬಾವಿ ಬೋರಿಗೆ ಒಂದಿಷ್ಟು ನೀರು ಇಂಗಿಸುತ್ತದೆ, ನಮ್ಮಂಥವರಿಗೆ ಜಾಗ ಕೊಡುತ್ತದೆ. ಹಗಲೆಲ್ಲ ದೋಣಿ ಓಡಾಡಿದರೆ ಹಕ್ಕಿ ನೀರಿಗೆ ಇಳಿಯುವುದು ಯಾವಾಗ?

ಏನೂ ಮಾಡಬೇಡಿ ಎಂದು ನಾನು ಹೇಳುತ್ತಿಲ್ಲ. ನನ್ನದೂ ಒಂದು ಕೋರಿಕೆ ಇದೆ, ಅದು ಈ ಕೆರೆಗೆ ಮಾತ್ರ ಅಲ್ಲ, ಜನ ನಡೆಯುವ ಎಲ್ಲ ಕೆರೆಗೂ. ಅರ್ಧರ್ಧ ಕಿಲೋಮೀಟರಿಗೆ ಒಂದು ಕಲ್ಲು ನಿಲ್ಲಿಸಿ. ಹಳೇ ರಸ್ತೆಯ ಮೈಲಿಗಲ್ಲಿನ ಹಾಗೆ, ಮೊಣಕಾಲೆತ್ತರ ಸಾಕು. ಅದರ ಮೇಲೆ ಕನ್ನಡದಲ್ಲಿ ದಪ್ಪ ಅಂಕಿ. ಮುಂದಕ್ಕೆ ಎಷ್ಟು, ಹಿಂದಕ್ಕೆ ಎಷ್ಟು, ಎರಡೂ ಇರಲಿ. ಕಲ್ಲಿನ ಪಕ್ಕ ಒಂದು ಬೆಂಚು. ಬೆಂಚಿನ ಮುಖ ದಾರಿಯ ಕಡೆಗಲ್ಲ, ನೀರಿನ ಕಡೆಗೆ. ಬೆಂಚಿಗೆ ಒರಗು ಇರಲಿ, ಪಕ್ಕಕ್ಕೆ ಕೈಯಾಸರೆ ಇರಲಿ. ಮಂಡಿ ನೋವಿನವರಿಗೆ ಕೂರುವುದಕ್ಕಿಂತ ಏಳುವುದು ಕಷ್ಟ. ಏಳುವಾಗ ಕೈ ಊರಲು ಏನಾದರೂ ಬೇಕು. ಇದನ್ನು ಇವಳು ಎರಡು ಸಲ ಹೇಳಿ ಬರೆಸಿದ್ದಾಳೆ.

ಇಷ್ಟು ಮಾಡಿದರೆ, ನಮ್ಮ ಕೈಲಿ ಎಲ್ಲಾಗುತ್ತದೆ ಎಂದು ಮನೆಯಲ್ಲೇ ಕೂತವರು ಒಂದು ಕಲ್ಲಿನವರೆಗೆ ಬಂದು ಹೋಗುತ್ತಾರೆ. ನಮ್ಮ ಬೀದಿಯಲ್ಲೇ ಅಂಥವರು ನಾಲ್ಕು ಜನ ಇದ್ದಾರೆ. ಅವರಿಗೆ ಐದು ಕಿಲೋಮೀಟರ್ ಎಂದರೆ ಭಯ, ಅರ್ಧ ಕಿಲೋಮೀಟರ್ ಎಂದರೆ ಧೈರ್ಯ. ಹೋದ ತಿಂಗಳು ಅವರಲ್ಲಿ ಒಬ್ಬ ಅಜ್ಜಿಯನ್ನು ಇವಳು ಒಂದನೇ ಸ್ಟೇಜಿಗೆ ಕರೆದುಕೊಂಡು ಬಂದಿದ್ದಳು. ಅಜ್ಜಿಗೆ ಎಂಬತ್ತರ ಮೇಲೆ. ಕೆರೆ ನೋಡಿ ಆಕೆ ಕೇಳಿದ ಮೊದಲ ಪ್ರಶ್ನೆ, 'ಈ ಸಲ ಕೋಡಿ ಬಿತ್ತಾ?' ಎಂದು. ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದ ಹುಡುಗಿಯೊಬ್ಬಳು, 'ಕೋಡಿ ಅಂದ್ರೇನಜ್ಜಿ?' ಅಂದಳು. ಕೆರೆ ತುಂಬಿ ಹೆಚ್ಚಾದ ನೀರು ಹೊರಗೆ ಹರಿಯುವ ಜಾಗ, ಕೋಡಿ ಬಿದ್ದರೆ ಊರಿಗೆಲ್ಲ ಹಬ್ಬ, ಬಾಗಿನ ಕೊಡುತ್ತಿದ್ದೆವು ಎಂದೆಲ್ಲ ಅಜ್ಜಿ ಹೇಳುತ್ತ ಹೋಯಿತು. ಹುಡುಗಿ ಫೋಟೋ ಮರೆತು ಪಕ್ಕದಲ್ಲೇ ಕೂತುಬಿಟ್ಟಳು. ಪತ್ರ ಬರೆದ ಮಹನೀಯರು ಆ ದಿನ ಬಂದಿದ್ದರೆ ನೋಡಲು ಏನೂ ಇಲ್ಲ ಎನ್ನುತ್ತಿರಲಿಲ್ಲವೇನೋ.

ಅವರ ಮೇಲೆ ನನಗೆ ಕೋಪ ಇಲ್ಲ. ಮುಂದಿನ ಸಲ ನೆಂಟರು ಬಂದರೆ ಬೆಳಿಗ್ಗೆ ಆರೂವರೆಗೆ ಕರೆದುಕೊಂಡು ಬನ್ನಿ. ಮೂರನೇ ಸ್ಟೇಜಿನವರೆಗೆ ಸಾಕು. ಮಕ್ಕಳಿಗೆ ಹಾವಕ್ಕಿ ತೋರಿಸುವ ಜವಾಬ್ದಾರಿ ನನ್ನದು.

ಕೊನೆಗೆ ಒಂದು ಸಣ್ಣ ವಿಷಯ, ಪ್ರಕಟಿಸಿದರೆ ಉಪಕಾರ. ನನ್ನ ಸರ್ವೀಸಿನಲ್ಲಿ ಜನ ಬಸ್ಸಿನಲ್ಲಿ ಮರೆತು ಹೋದ ಛತ್ರಿಗಳನ್ನು ಎಷ್ಟು ಡಿಪೋಗೆ ಒಪ್ಪಿಸಿದ್ದೇನೋ ಲೆಕ್ಕ ಇಲ್ಲ. ಹೋದ ಶನಿವಾರ ನನ್ನದೇ ಕರಿ ಛತ್ರಿಯನ್ನು ಕೆರೆಯ ಹತ್ತಿರ ಮರೆತು ಬಂದೆ. ಭಾನುವಾರ ಹೋದರೆ ಬಿದಿರು ಮೆಳೆಯ ಹತ್ತಿರ ಕೊಂಬೆಯೊಂದಕ್ಕೆ ನೇತು ಹಾಕಿತ್ತು. ರಾತ್ರಿ ಮಳೆ ಬಂದಿದ್ದರೂ ಒಳಗೆ ನೀರು ತುಂಬದ ಹಾಗೆ ಚೆನ್ನಾಗಿ ಮಡಿಸಿ, ಗುಂಡಿ ಹಾಕಿ ನೇತು ಹಾಕಿದ್ದರು. ಯಾರೆಂದು ಗೊತ್ತಿಲ್ಲ. ಅವರು ಈ ಪತ್ರಿಕೆ ಓದುವವರಾದರೆ, ಛತ್ರಿ ಸಿಕ್ಕಿತು ಎಂದು ತಿಳಿಸಬೇಕಾಗಿ ವಿನಂತಿ.

ಇಂತಿ,
ಒಬ್ಬ ನಿವೃತ್ತ ಕಂಡಕ್ಟರ್
ಸರಸ್ವತಿಪುರಂ, ಮೈಸೂರು